ಪಾವ್ನೀಗಳ ಹಗೇವು

ಪ್ರಿಯ ಶಿವು,

ಅಮೆರಿಕದ ಮೂಲನಿವಾಸಿಗಳಾದ ಪಾವ್ನೀ ಜನ ಡೇರೆ ಹೊತ್ತು ಬೈಸನ್ (ಅಲ್ಲಿನ ಕಾಡುದನ) ಹಿಂದೆ ಅಲೆಯುವವರಾ ಅಂತ ಕೇಳಿದ್ದೆ. ಅರ್ಧ ನಿಜ ಕಣೋ. ಅಮೆರಿಕದ ನೆಬ್ರಾಸ್ಕದಲ್ಲಿ, ಪ್ಲಾಟ್ ಮತ್ತು ಲೂಪ್ ನದಿಗಳ ದಂಡೆಯಲ್ಲಿ ಅವರು ಊರು ಕಟ್ಟಿಕೊಂಡು ಮುಸುಕಿನ ಜೋಳ ಬೆಳೆಯುತ್ತಿದ್ದರು. ವರ್ಷಕ್ಕೆ ಎರಡು ಸಲ ಮಾತ್ರ ಊರಿಗೆ ಊರೇ ಬೇಟೆಗೆ ಹೊರಡುತ್ತಿತ್ತು. ಊರು ಬರಿದು ಬಿಟ್ಟು ಹೋಗುವ ಧೈರ್ಯ ಕೊಟ್ಟದ್ದು ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ.

ಹೊಲ ಹೆಂಗಸರದು. ಬೈಸನ್ನಿನ ಹೆಗಲೆಲುಬನ್ನು ಕೋಲಿಗೆ ಬಿಗಿದರೆ ಅದೇ ಗುದ್ದಲಿ. ಕಬ್ಬಿಣದ್ದು ಬಂದದ್ದು ಆಮೇಲೆ. ಬೆರೆಯಬಾರದೆಂದು ಜೋಳದ ಒಂದೊಂದು ತಳಿಗೂ ಬೇರೆ ಮಡಿ, ನಡುವೆ ಹುರುಳಿಕಾಯಿ, ಕುಂಬಳ. ಎರಡು ಸಲ ಕಳೆ ತೆಗೆದು, ಜೂನ್ ಕೊನೆಗೆ ಬೇಟೆಗೆ ಹೊರಟರೆ ವಾಪಸಾಗುತ್ತಿದ್ದುದು ಎಳೆತೆನೆಯ ಹೊತ್ತಿಗೆ. ತಡವಾದರೆ ಕಾಳು ಬಲಿತುಬಿಡುತ್ತದೆ, ಸಿಹಿ ಹೋಗುತ್ತದೆ. ಎಳೆತೆನೆಯನ್ನು ಮುಸುಕಿನ ಸಮೇತ ಕೆಂಡದಲ್ಲಿ ಸುಟ್ಟು, ಕಪ್ಪೆಚಿಪ್ಪಿನಿಂದ ಕಾಳು ಬಿಡಿಸಿ, ಬಿಸಿಲಿಗೆ ಹರವುತ್ತಿದ್ದರು. ಬಲಿತ ತೆನೆಗಾದರೆ ಮುಸುಕನ್ನೇ ಜಡೆ ಹೆಣೆದು ಒಣಹಾಕುವುದು.

ಹಗೇವು ನಮ್ಮ ಮೈಸೂರು ಸೀಮೆಯ ರಾಗಿ ಹಗೇವಿನ ಹಾಗೇ: ಬಾಯಿ ಕಿರಿದು, ಒಡಲು ಅಗಲ, ಗಂಟೆಯ ಆಕಾರ. ಆಳ ಆಳೆತ್ತರಕ್ಕೂ ಮಿಗಿಲು. ಒಳಗೆ ಹುಲ್ಲು ಹಾಸಿ, ಒಣಕಾಳು, ಜಡೆತೆನೆ, ಒಣಮಾಂಸ ಜೋಡಿಸಿ, ಬಾಯಿ ಮುಚ್ಚಿ ಗುರುತು ಸಿಗದಂತೆ ಮಣ್ಣೆಳೆಯುತ್ತಿದ್ದರು. ಊರಲ್ಲಿ ಯಾರೂ ಇರುವುದಿಲ್ಲವಲ್ಲ, ಕಳ್ಳರ ಭಯ. ಅದಕ್ಕಿಂತ ದೊಡ್ಡ ಶತ್ರು ತೇವ. ಸರಿಯಾಗಿ ಒಣಗದ ಒಂದು ತೆನೆ ಸಾಕು, ಬೂಷ್ಟು ಸುತ್ತಲಿನದನ್ನೂ ಹಿಡಿಯುತ್ತದೆ. ಗೋಡೆ ಕೆಟ್ಟ ಹಗೇವು ಕೊನೆಗೆ ಕಸದ ಗುಂಡಿ. ಇವತ್ತು ಪುರಾತತ್ವದವರಿಗೆ ಎಲುಬು, ಮಡಕೆಚೂರು ಸಿಗುವುದು ಅಲ್ಲೇ.

ಮನೆಯೂ ಮಣ್ಣಿನದೇ. ನಡುಗಂಬಗಳ ಮೇಲೆ ತೊಲೆ, ಕಡ್ಡಿ, ಹುಲ್ಲು, ಮೇಲೆ ಮಣ್ಣು. ಬಾಗಿಲು ಮೂಡಣಕ್ಕೆ, ಪಡುವಣ ಗೋಡೆಯ ಬಳಿ ಪೂಜೆಯ ಜಾಗ, ಅಲ್ಲಿ ಬೈಸನ್ ತಲೆಬುರುಡೆ. ಒಂದೇ ಸೂರಿನಡಿ ಹಲವು ಸಂಸಾರ; ಒಂದು ಹೊತ್ತಿನ ಅಡುಗೆ ಬಡಗಣ ಮಗ್ಗುಲಿನ ಹೆಂಗಸರದು, ಇನ್ನೊಂದು ಹೊತ್ತಿನದು ತೆಂಕಣದವರದು. ಒಲೆಜಗಳ ತಪ್ಪಿಸುವ ಉಪಾಯ ಅಂತ ನನಗನ್ನಿಸುತ್ತದೆ! ಕಂಬದ ಬುಡ ಕೊಳೆತಾಗ ಮನೆ ಕೆಡವಿ ಹೊಸದು ಕಟ್ಟುವುದು.

1870ರ ದಶಕದಲ್ಲಿ ಅವರನ್ನು ಈಗಿನ ಒಕ್ಲಹೋಮಕ್ಕೆ ಸಾಗಿಸಿದರು. ಹಳೆಯ ಬೀಜ ಅಲ್ಲಿನ ಮಣ್ಣಿಗೆ ಹೊಂದಲಿಲ್ಲ. ಕೆಲವು ಮನೆಯವರು ಉಳಿಸಿಕೊಂಡಿದ್ದ ಹಿಡಿಕಾಳನ್ನು 2000ದ ನಂತರ ನೆಬ್ರಾಸ್ಕದ ಹೊಲಗಳಿಗೇ ಕಳಿಸಿ ಬಿತ್ತಿಸಿದ್ದಾರೆ. ಅದರಲ್ಲೊಂದು ಹದ್ದು ಜೋಳ: ಬಿಳಿ ಕಾಳು, ಮೇಲೆ ರೆಕ್ಕೆ ಬಿಚ್ಚಿದ ಹದ್ದಿನಂಥ ಕಡು ನೇರಳೆ ಮಚ್ಚೆ.

ನಿನ್ನ,
ರಾಘು