ಅಂಪೈರ್ ತಪ್ಪಿನ ಲೆಕ್ಕ ನಮಗೂ ಗೊತ್ತಾಗಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2026ರ ಸೀಸನ್‌ಗೆ ಹೊಸ ನಿಯಮ ತಂದಿದೆ. ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದಿನ ಅಂಪೈರ್ ಕೊಟ್ಟ ಸ್ಟ್ರೈಕ್ (ಹೊಡೆಯಬಹುದಾದ ಎಸೆತ, ಮೂರಾದರೆ ಬ್ಯಾಟರ್ ಔಟ್) ಅಥವಾ ಬಾಲ್ (ಆ ವ್ಯಾಪ್ತಿಯ ಆಚೆ ಹೋದ ಎಸೆತ) ತೀರ್ಪು ಸರಿಯಿಲ್ಲ ಅನ್ನಿಸಿದರೆ ಪ್ರತಿ ಪಂದ್ಯದಲ್ಲಿ ಒಂದೊಂದು ತಂಡಕ್ಕೂ ಎರಡು ಸಲ ಪ್ರಶ್ನಿಸುವ ಅವಕಾಶವಿದೆ. ಕೇಳಿದ್ದು ಸರಿಯಾದರೆ ಆ ಅವಕಾಶ ಹಾಗೇ ಉಳಿಯುತ್ತದೆ. ಬ್ಯಾಟರ್, ಚೆಂಡು ಎಸೆಯುವ ಪಿಚರ್, ಅದನ್ನು ಹಿಡಿಯುವ ಕ್ಯಾಚರ್ ಈ ಮೂವರಲ್ಲಿ ಒಬ್ಬರು ತಲೆಯ ಮೇಲೆ ತಟ್ಟಿದರೆ ಸಾಕು, ಕ್ಯಾಮೆರಾ ಉತ್ತರ ಹೇಳುತ್ತದೆ. ಕ್ರಿಕೆಟ್‌ನ ಡಿಆರ್‌ಎಸ್ ನೋಡಿದವರಿಗೆ ಇದರಲ್ಲಿ ವಿಚಿತ್ರ ಏನಿಲ್ಲ. ನನಗೂ ಇದು ಇಷ್ಟವೇ. ಆದರೆ ಇನ್ನು ಅಂಪೈರ್‌ಗಳ ಹೊಣೆಗಾರಿಕೆಯ ಪ್ರಶ್ನೆಯೇ ಮುಗಿಯಿತು ಅನ್ನುವ ಮಾತು ಕೇಳಿ ಸುಮ್ನೆ ಇರಲಾಗಲಿಲ್ಲ.

ತೀರ್ಪು ತಿದ್ದುವುದು ಬೇರೆ, ತೀರ್ಪು ಕೊಟ್ಟವರು ಅದಕ್ಕೆ ಉತ್ತರ ಕೊಡುವುದು ಬೇರೆ. ಆಟಗಾರ ತಪ್ಪು ಮಾಡಿದರೆ ಏನಾಗುತ್ತದೆ ನೋಡಿ. ಕೈಗೆ ಅಂಟು ಹಚ್ಚಿಕೊಂಡು ಚೆಂಡು ಎಸೆದ ಪಿಚರ್‌ಗೆ ಹತ್ತು ಪಂದ್ಯ ನಿಷೇಧ, ಮರುದಿನವೇ ಹೆಸರು ಸಮೇತ ಸುದ್ದಿ. ಅಂಪೈರ್‌ಗಳ ಕೆಲಸವನ್ನೂ ಲೀಗ್ ಅಳೆಯುತ್ತದೆ. ಪ್ಲೇಟ್ ಹಿಂದೆ ನಿಂತು ಕೊಟ್ಟ ಒಂದೊಂದು ತೀರ್ಪನ್ನೂ ಕ್ಯಾಮೆರಾ ಲೆಕ್ಕದ ಜೊತೆ ಹೋಲಿಸಿ ನೋಡುತ್ತಾರೆ. ಆದರೆ ಆ ಅಂಕ ಹೊರಗೆ ಬರುವುದಿಲ್ಲ. ಯಾರಿಗೆ ಎಚ್ಚರಿಕೆ ಕೊಟ್ಟರು, ಯಾರನ್ನು ದೊಡ್ಡ ಪಂದ್ಯದಿಂದ ಕೈಬಿಟ್ಟರು, ಯಾಕೆ ಕೈಬಿಟ್ಟರು, ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳದೇ ಇದ್ದಾಗ ಏನಾಗುತ್ತದೆ? ಒಂದು ಕೆಟ್ಟ ತೀರ್ಪಿನ ವಿಡಿಯೊ ತುಣುಕು ಸಾವಿರ ಸಲ ಓಡುತ್ತದೆ, ಅದೇ ಆ ಅಂಪೈರ್‌ನ ಇಡೀ ವೃತ್ತಿಯ ಲೆಕ್ಕವಾಗಿಬಿಡುತ್ತದೆ. ಮುಚ್ಚಿಟ್ಟು ಅವರನ್ನು ಕಾಪಾಡುತ್ತಿದ್ದೇವೆ ಅಂತ ಲೀಗ್ ಅಂದುಕೊಂಡಿರಬಹುದು. ನನಗೆ ಕಾಣುವುದು ಉಲ್ಟಾ.

ಇದಕ್ಕೆ 2010ರ ಜೂನ್ 2ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಡೆಟ್ರಾಯ್ಟ್ ಟೈಗರ್ಸ್ ತಂಡದ ಪಿಚರ್ ಅರ್ಮಾಂಡೊ ಗಲರ್ರಾಗ ಸಾಲಾಗಿ 26 ಜನರನ್ನು ಔಟ್ ಮಾಡಿದ್ದರು. ಇನ್ನೊಬ್ಬ ಔಟ್ ಆದರೆ ಪರ್ಫೆಕ್ಟ್ ಗೇಮ್. ಒಬ್ಬನೇ ಒಬ್ಬ ಬ್ಯಾಟರ್ ಬೇಸ್ ಮುಟ್ಟದ ಹಾಗೆ ಪಂದ್ಯ ಮುಗಿಸುವುದು ಅದು, ಅಲ್ಲಿಯವರೆಗಿನ ಮೇಜರ್ ಲೀಗ್ ಇತಿಹಾಸದಲ್ಲೇ ಬರೀ 20 ಸಲ ಆಗಿತ್ತು. 27ನೆಯ ಬ್ಯಾಟರ್ ಹೊಡೆದ ಚೆಂಡನ್ನು ಮಿಗೆಲ್ ಕಬ್ರೆರಾ ಹಿಡಿದು ಎಸೆದರು, ಗಲರ್ರಾಗ ತಾವೇ ಓಡಿ ಬಂದು ಫಸ್ಟ್ ಬೇಸ್ ಮೇಲೆ ಕಾಲಿಟ್ಟು ಹಿಡಿದರು. ಓಟಗಾರ ಇನ್ನೂ ಬಂದಿರಲಿಲ್ಲ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ಸೇಫ್, ಅಂದರೆ ಔಟ್ ಅಲ್ಲ, ಅಂದರು. ಗಲರ್ರಾಗ ಕೂಗಾಡಲಿಲ್ಲ. ಒಂದು ನಗು ನಕ್ಕರು, ವಾಪಸ್ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದರು.

ಪಂದ್ಯ ಮುಗಿದ ಮೇಲೆ ಜಾಯ್ಸ್ ವಿಡಿಯೊ ನೋಡಿದರು. ತಪ್ಪು ತಮ್ಮದೇ ಎಂದು ಪತ್ರಕರ್ತರ ಮುಂದೆ ನೇರವಾಗಿ ಒಪ್ಪಿಕೊಂಡರು, ಗಲರ್ರಾಗ ಅವರ ಬಳಿ ಕ್ಷಮೆ ಕೇಳಿದರು. ಮರುದಿನ ಪ್ಲೇಟ್ ಹಿಂದೆ ನಿಲ್ಲುವ ಸರದಿ ಅವರದ್ದೇ. ಆಡುವವರ ಪಟ್ಟಿ ಇರುವ ಚೀಟಿಯನ್ನು ತಂದುಕೊಟ್ಟಿದ್ದು ಗಲರ್ರಾಗ. ಜಾಯ್ಸ್ ಅದನ್ನು ತೆಗೆದುಕೊಂಡು ಕಣ್ಣು ಒರೆಸಿಕೊಂಡರು. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ, ಈಗಲೂ ಗಂಟಲು ಕಟ್ಟುತ್ತದೆ. ಲೀಗ್‌ನ ಅಂದಿನ ಮುಖ್ಯಸ್ಥ (ಕಮಿಷನರ್) ಬಡ್ ಸೆಲಿಗ್ ತೀರ್ಪು ಬದಲಿಸಲಿಲ್ಲ, ದಾಖಲೆ ಹೋಯಿತು. ಆದರೆ ಅದೇ ತಿಂಗಳು ಇಎಸ್‌ಪಿಎನ್ ನೂರು ಆಟಗಾರರನ್ನು ಕೇಳಿದಾಗ ಒಳ್ಳೆಯ ಅಂಪೈರ್ ಎಂದು ಅವರು ಎಲ್ಲರಿಗಿಂತ ಜಾಸ್ತಿ ಹೇಳಿದ ಹೆಸರು ಜಿಮ್ ಜಾಯ್ಸ್! ತಪ್ಪು ಒಪ್ಪಿಕೊಂಡರೆ ಅಂಪೈರ್ ಮರ್ಯಾದೆ ಹೋಗುತ್ತದೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಇನ್ನು ಅಂಪೈರ್ ಪ್ಯಾಟ್ ಹೋಬರ್ಗ್ ವಿಷಯ. 2022ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿ) ಎರಡನೇ ಪಂದ್ಯದಲ್ಲಿ, ಬ್ಯಾಟರ್ ಹೊಡೆಯದೆ ಬಿಟ್ಟ 129 ಎಸೆತಗಳಿಗೂ ಸರಿಯಾದ ತೀರ್ಪು ಕೊಟ್ಟವರು ಅಂತ ಹೆಸರಾದವರು. ಈ ಲೆಕ್ಕ ಮಾಡಿದ್ದೂ ಹೊರಗಿನವರು, ಲೀಗ್ ಅಲ್ಲ. ಅಂಥವರು 2024ರ ಸೀಸನ್‌ನಲ್ಲಿ ಕಾಣಲೇ ಇಲ್ಲ. ಬೆಟ್ಟಿಂಗ್ ನಿಯಮ ಮುರಿದ ಬಗ್ಗೆ ವಿಚಾರಣೆ ಎಂದು ಜೂನ್‌ನಲ್ಲಿ ತಿಳಿಯಿತು. 2025ರ ಫೆಬ್ರವರಿಯಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅವರ ಜೊತೆ ಬೆಟ್ಟಿಂಗ್ ಖಾತೆ ಹಂಚಿಕೊಂಡಿದ್ದ ಸ್ನೇಹಿತ ಬೇಸ್‌ಬಾಲ್ ಮೇಲೂ ಹಣ ಕಟ್ಟಿದ್ದ. ಹೋಬರ್ಗ್ ಪಂದ್ಯದಲ್ಲಿ ಮೋಸ ಮಾಡಿದ್ದಕ್ಕೆ ಸಾಕ್ಷಿ ಸಿಗಲಿಲ್ಲ ಎಂದೂ ಲೀಗ್ ಬಿಡಿಸಿ ಹೇಳಿತು. 2024ರ ಜೂನ್‌ನಲ್ಲಿ ಬೆಟ್ಟಿಂಗ್‌ಗಾಗಿಯೇ ಆಟಗಾರ ಟುಕುಪಿಟಾ ಮಾರ್ಕಾನೊಗೆ ಜೀವನಪೂರ್ತಿ ನಿಷೇಧ ಹಾಕಿದಾಗಲೂ ಹೀಗೇ ವಿವರ ಕೊಟ್ಟಿತ್ತು. ಅಂದರೆ ಮನಸ್ಸು ಮಾಡಿದರೆ ಹೇಳಲು ಬರುತ್ತದೆ, ಅಲ್ವಾ? ಆ ಅಭ್ಯಾಸ ದೊಡ್ಡ ಹಗರಣಕ್ಕೆ ಮಾತ್ರ ಯಾಕೆ?

ಹಾಗಂತ ಆಟಗಾರರ ವಿಷಯದಲ್ಲಿ ಎಲ್ಲ ಸರಿಯಾಗಿದೆ ಎಂದಲ್ಲ. 1996ರ ಸೆಪ್ಟೆಂಬರ್‌ನಲ್ಲಿ ಟೊರೊಂಟೊದಲ್ಲಿ ರಾಬರ್ಟೊ ಅಲೊಮಾರ್ ಸ್ಟ್ರೈಕ್ ತೀರ್ಪಿಗೆ ಜಗಳವಾಡಿ ಅಂಪೈರ್ ಜಾನ್ ಹರ್ಷ್‌ಬೆಕ್ ಮುಖಕ್ಕೆ ಉಗುಳಿದರು. ಶಿಕ್ಷೆ ಐದು ಪಂದ್ಯ. ಅಪೀಲ್ ಹಾಕಿದ್ದರಿಂದ ಮರುದಿನವೇ ಆಡಿದರು, ಹೋಮ್ ರನ್ ಹೊಡೆದು ತಂಡವನ್ನು ಪ್ಲೇಆಫ್‌ಗೆ ಕರೆದೊಯ್ದರು, ಅಲ್ಲೂ ಆಡಿದರು. ಶಿಕ್ಷೆ ಅನುಭವಿಸಿದ್ದು ಮುಂದಿನ ವರ್ಷದ ಶುರುವಿನಲ್ಲಿ. ಅಂಪೈರ್‌ಗಳು ಪ್ಲೇಆಫ್‌ಗೆ ಬರುವುದಿಲ್ಲ ಎಂದು ಎದ್ದು ನಿಂತದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಆಮೇಲೆ ಅವರಿಬ್ಬರೂ ರಾಜಿಯಾಗಿ ಸ್ನೇಹಿತರಾದರು, ಅದು ಅವರ ದೊಡ್ಡತನ. ಲೀಗ್ ಮಾಡಿದ್ದು ಮಾತ್ರ ನ್ಯಾಯವಲ್ಲ.

ನಾನು ಇಷ್ಟು ಒತ್ತಿ ಬರೆಯಲು ಕಾರಣವಿದೆ. ಮಕ್ಕಳ ಬೇಸ್‌ಬಾಲ್‌ಗೆ ನಾನೂ ಕೆಲವು ವರ್ಷ ಅಂಪೈರ್ ಆಗಿ ನಿಂತಿದ್ದೆ. ಒಂದು ಪಂದ್ಯದಲ್ಲಿ ಕೊನೆಯ ಇನ್ನಿಂಗ್, ಎರಡು ಔಟ್, ಎರಡು ಸ್ಟ್ರೈಕ್. ಚೆಂಡು ಹುಡುಗನ ಮೊಣಕಾಲಿನ ಕೆಳಗೆ ಹೋಯಿತು. ಕ್ಯಾಚರ್ ಗ್ಲವ್ ಮೇಲೆತ್ತಿದ, ನಾನು ಸ್ಟ್ರೈಕ್ ಅಂದೆ. ಬಾಯಿಂದ ಮಾತು ಹೊರಟಾಗಲೇ ತಪ್ಪು ಅಂತ ಗೊತ್ತಾಯಿತು. ಹುಡುಗ ಏನೂ ಅನ್ನಲಿಲ್ಲ, ಬ್ಯಾಟ್ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತ. ಅವನ ಕೋಚ್ ಓಡಿ ಬಂದು ಬೈದರು, ಬೂಟಿನಿಂದ ಪ್ಲೇಟ್ ಮೇಲೆ ಮಣ್ಣು ಎರಚಿದರು. ಅವರ ಮೇಲೆ ಯಾವ ಕ್ರಮವೂ ಆಗಲಿಲ್ಲ, ನನ್ನನ್ನೂ ಯಾರೂ ಏನೂ ಕೇಳಲಿಲ್ಲ. ಅಂಪೈರ್ ಯಾವತ್ತೂ ತಪ್ಪು ಒಪ್ಪಿಕೊಳ್ಳಬಾರದು, ಒಪ್ಪಿಕೊಂಡರೆ ತಲೆ ಮೇಲೆ ಕೂರುತ್ತಾರೆ ಎಂದು ಹಿರಿಯರೊಬ್ಬರು ನನಗೆ ಹೇಳಿಕೊಟ್ಟಿದ್ದರು. ಅದನ್ನು ನಂಬಿ ಮಾಸ್ಕ್ ತೆಗೆಯದೆ ಹೊರಟುಬಿಟ್ಟೆ. ಆ ಹುಡುಗನ ಹತ್ತಿರ ಹೋಗಿ ಒಂದು ಮಾತು ಹೇಳಬೇಕಿತ್ತು. ಮತ್ತೆ ಅವನು ಸಿಗಲೇ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮೇಜರ್ ಲೀಗ್‌ನಲ್ಲಿ ಪೂರ್ಣಾವಧಿ ಅಂಪೈರ್‌ಗಳು 76 ಜನ. ಅಷ್ಟು ಜನರ ವರ್ಷದ ಅಂಕವನ್ನು ಪ್ರಕಟಿಸಲು ಏನು ಕಷ್ಟ? ನೂರರಲ್ಲಿ ತೊಂಬತ್ತೈದು ತೀರ್ಪು ಸರಿ, ಐದು ತಪ್ಪು ಎಂದಿದ್ದರೆ ಆ ತೊಂಬತ್ತೈದು ಸರಿ ತೀರ್ಪುಗಳೂ ಜನರಿಗೆ ಕಾಣಲಿ. ಪಂದ್ಯ ತಿರುಗಿಸಿದ ತೀರ್ಪು ಕೊಟ್ಟವರು ಪಂದ್ಯದ ಬಳಿಕ ಹತ್ತು ನಿಮಿಷ ಪತ್ರಕರ್ತರ ಮುಂದೆ ಕೂರಲಿ. ಈಗಿನಂತೆ ಪತ್ರಕರ್ತರ ಪರವಾಗಿ ಒಬ್ಬರು ಹೋಗಿ ಎರಡು ಪ್ರಶ್ನೆ ಕೇಳಿ ಬರುವುದು ಸಾಲದು. ಅಂಪೈರ್ ಮೈಗೆ ಕೈ ಹಾಕಿದ, ಉಗುಳಿದ ಆಟಗಾರನ ಅಪೀಲ್ ಎರಡು ದಿನದೊಳಗೆ ಮುಗಿಯಬೇಕು. ಶಿಕ್ಷೆ ಅದೇ ಸೀಸನ್‌ನಲ್ಲಿ, ಪ್ಲೇಆಫ್ ಬಂದರೆ ಪ್ಲೇಆಫ್‌ನಲ್ಲೇ ಶುರುವಾಗಬೇಕು. ಮಕ್ಕಳ ಪಂದ್ಯದಲ್ಲಿ ಮಣ್ಣು ಎರಚುವ ಕೋಚ್‌ಗಳಿಗೂ ಅಷ್ಟೇ, ಮುಂದಿನ ವಾರ ಅವರು ಮೈದಾನದ ಹೊರಗಿರಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ