ಅಳತೆ ಟೇಪು ಇನ್ನೂ ನಮ್ಮ ಮನೆಯಲ್ಲೇ ಇದೆ

ಶ್ರಾವಣದ ಮೊದಲ ಶುಕ್ರವಾರ ಹಾಲು ಉಕ್ಕಿಸಿ ಅಮ್ಮನನ್ನು ಮನೆಯೊಳಗೆ ಕರೆದುಕೊಂಡೆವು. ಕಳೆದ ಡಿಸೆಂಬರಿನಲ್ಲಿ ಅವಳು ಬಚ್ಚಲಿನಲ್ಲಿ ಬಿದ್ದಾಗಿನಿಂದ, ಅವಳಿಗೆಂದು ಈ ಮನೆ ರಿಪೇರಿ ಮಾಡಿಸಿ ಮುಗಿಸುವವರೆಗೆ, ಏನೇನಾಯಿತು ಎಂಬುದು ಇದನ್ನು ಓದುವ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ವಾಕರ್ ಹಿಡಿದು ಹೊಸ್ತಿಲ ಬಳಿ ನಿಂತವಳು ಮೊದಲು ನೆಲ ನೋಡಿದಳು. "ಕೆಂಪು ನೆಲ ಕಿತ್ತುಹಾಕಲಿಲ್ಲವಲ್ಲ, ಸದ್ಯ" ಎಂದಳು. ಎಂಟು ತಿಂಗಳ ಸುಸ್ತು ಅಲ್ಲಿಗೆ ಇಳಿಯಿತು.

ಋಣ ಹಲವರದ್ದಿದೆ. ಅಮ್ಮನನ್ನು ಇಷ್ಟು ದಿನ ಇಟ್ಟುಕೊಂಡ ಹುಬ್ಬಳ್ಳಿಯ ಅಕ್ಕ, ಭಾವ, ದೂಳಿಗೂ ಸದ್ದಿಗೂ ಒಂದು ಮಾತಾಡದೆ ಕೆಲಸದವರಿಗೆಲ್ಲ ಕಾಫಿ ಕೊಟ್ಟ ಪಕ್ಕದ ಮನೆಯವರು, ರಜೆ ಕೇಳಿದಾಗಲೆಲ್ಲ ನನ್ನ ಕೆಲಸವನ್ನೂ ಎಳೆದ ಸಹೋದ್ಯೋಗಿಗಳು, ಬಡಗಿ, ಗಾರೆಯವರು, ಸಾಲ ಕೊಟ್ಟು ಮರೆತವರಂತೆ ನಟಿಸುತ್ತಿರುವ ಚಿಕ್ಕಪ್ಪ, ಎಲ್ಲರಿಗೂ ನಮಸ್ಕಾರ. ಇನ್ನು ಉಳಿದ ಜಾಗವೆಲ್ಲ ಒಬ್ಬರದು. ಬೇಸರ ಮಾಡಿಕೊಳ್ಳಬೇಡಿ.

ಇಂಟೀರಿಯರ್ ಡಿಸೈನರ್ ಎಂದರೆ ಪರದೆಗೂ ಸೋಫಾಕ್ಕೂ ಬಣ್ಣ ಹೊಂದಿಸುವವರು, ದುಡ್ಡು ಹೆಚ್ಚಾದವರು ಕರೆಸಿಕೊಳ್ಳುವವರು ಎಂದೇ ನಾನು ತಿಳಿದಿದ್ದೆ. ಮೊದಲು ಗೊತ್ತುಮಾಡಿದ್ದ ಗುತ್ತಿಗೆದಾರ ಮುಂಗಡ ಪಡೆದು ಫೋನ್ ಎತ್ತುವುದನ್ನೇ ಬಿಟ್ಟ ಮೇಲೆ, ಅಕ್ಕನ ಒತ್ತಾಯಕ್ಕೆ ಇವರನ್ನು ಕರೆದೆ. (ಹೆಸರು ಹಾಕಕೂಡದೆಂದು ಅವರದೇ ಅಪ್ಪಣೆ.) ಶುಲ್ಕ ಕೇಳಿ ಜಗಳಕ್ಕೇ ನಿಂತೆ. "ಖರ್ಚಿನ ಮೇಲೆ ಇಷ್ಟು ಶೇಕಡಾ ಎಂದು ತೆಗೆದುಕೊಂಡರೆ ನಿಮ್ಮ ಖರ್ಚು ಏರಿದಷ್ಟೂ ನನಗೆ ಲಾಭ. ಅದಕ್ಕೇ ಇಡಿಗಂಟು ಕೇಳುತ್ತಿದ್ದೇನೆ. ಅಂಗಡಿಯವರ ಕಮಿಷನ್ ನಾನು ಮುಟ್ಟುವುದಿಲ್ಲ" ಎಂದರು. ನಾನು ನಂಬಲಿಲ್ಲ. ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿಗೆಂದು ಬಂದ ಪ್ಲೈವುಡ್ಡಿನ ಮೇಲೆ, ನೀರು ತಡೆಯುವ ಬಗೆಗೆ ಹಾಕುವ ಐಎಸ್ 710 ಮುದ್ರೆ ಇಲ್ಲವೆಂದು ಗಾಡಿಯಿಂದ ಇಳಿಸಲೂ ಬಿಡದೆ ವಾಪಸು ಕಳಿಸಿದ ದಿನ ನಂಬಿದೆ.

ಅವರಿಂದ ನಮಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು 'ಬೇಡ' ಎಂಬ ಮಾತು. ಮೈಸೂರಿನ ಹಳೆಯ ಬಡಾವಣೆಯ, ಅಜ್ಜ ಕಟ್ಟಿಸಿದ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರಿನ) ಮನೆ ನಮ್ಮದು. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆ ಒಡೆದರೆ ಗಾಳಿ ಬೆಳಕು ಬರುತ್ತದೆಂದು ಮೊದಲಿನವನು ಹೇಳಿದ್ದ. ನನಗೂ ಆಸೆ ಹುಟ್ಟಿತ್ತು. ಇವರು ಸೂರಿನ ತೇಗದ ತೊಲೆಗಳು ಯಾವ ದಿಕ್ಕಿಗೆ ಮಲಗಿವೆ ಎಂದು ಕತ್ತೆತ್ತಿ ನೋಡಿದರು. ಎಲ್ಲವೂ ಅದೇ ಗೋಡೆಯ ಮೇಲೆ ಕೂತಿದ್ದವು. "ಈ ಗೋಡೆ ಹೋದರೆ ಬೆಳಕು ಬರುವುದು ನಿಜ, ಮೇಲಿನಿಂದ" ಎಂದರು. ಎಂಜಿನಿಯರ್ ಒಬ್ಬರನ್ನು ಕರೆಸಿ ಕೇಳಿ, ಬಚ್ಚಲಿನ ಬಾಗಿಲನ್ನು ಮಾತ್ರ ಮೂರು ಅಡಿಗೆ ಅಗಲ ಮಾಡಿಸಿ, ಹೊರಕ್ಕೆ ತೆರೆಯುವಂತೆ ತಿರುಗಿಸಿದರು. ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ತಳ್ಳಿ ಹೋಗಲಾಗುವುದಿಲ್ಲ. ಡಿಸೆಂಬರಿನ ಆ ಬೆಳಿಗ್ಗೆ ನಮಗೆ ಆದದ್ದೂ ಅದೇ. ನಾನು ಅವರಿಗೆ ಅದನ್ನು ಹೇಳಿರಲೇ ಇಲ್ಲ.

ಕೆಂಪು ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿಸುವ ನನ್ನ ಯೋಜನೆಗೂ ಬೇಡವೆಂದರು. ಹೊಸ ನೆಲ ಎರಡು ಅಂಗುಲ ಏರಿದರೆ ಬಚ್ಚಲಿಗೂ ಹಿತ್ತಿಲಿಗೂ ಹೋಗುವಲ್ಲಿ ಒಂದೊಂದು ಮೆಟ್ಟಿಲಾಗುತ್ತದೆ. ಕಾಲು ಎಳೆದು ನಡೆಯುವವರು ಎಡವುವುದು ಅಲ್ಲೇ.

ಒಂದು ಭಾನುವಾರ ಅವರು ಹುಬ್ಬಳ್ಳಿಗೇ ಹೋದರು. ಅಮ್ಮನ ಹಾಸಿಗೆಯ ಪಕ್ಕದ ಗೋಡೆ ತೋರಿಸಿ, "ಕಣ್ಣು ಮುಚ್ಚಿಕೊಳ್ಳಿ. ಈಗ ರಾತ್ರಿ, ಕರೆಂಟ್ ಇಲ್ಲ. ಎದ್ದು ಬಚ್ಚಲಿಗೆ ಹೊರಡಿ" ಎಂದರು. ಅಮ್ಮ ನಗುತ್ತ ಎದ್ದಳು. ಕೈ ಗೋಡೆಗೆ ತಾಗಿದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ ಅಳೆದುಕೊಂಡರು: ಎರಡೂವರೆ ಅಡಿ. ಕ್ಯಾಟಲಾಗಿನ ಚಿತ್ರದಲ್ಲಿ ಹಿಡಿಕೆ ಅದಕ್ಕಿಂತ ಮೇಲಿತ್ತು. ಆದರೆ ನಮ್ಮಮ್ಮ ಕುಳ್ಳಿ. ಸುಣ್ಣದ ಗಾರೆಯ ಹಳೆಯ ಗೋಡೆಯಲ್ಲಿ ಸ್ಕ್ರೂ ಬಿಗಿಯಾಗಿ ನಿಲ್ಲದು. ಹಾಗಾಗಿ ಮೊದಲು ಉದ್ದಕ್ಕೂ ತೇಗದ ಪಟ್ಟಿ ಹೊಡೆಸಿ, ಅದರ ಮೇಲೆ ಹಿಡಿಕೆ ಕೂರಿಸಿ, ಬಡಗಿ ನೋಡುತ್ತಿದ್ದಂತೆಯೇ ತಾವು ಅದಕ್ಕೆ ಜೋತುಬಿದ್ದು ಪರೀಕ್ಷಿಸಿದರು. ಈಗ ನಡುರಾತ್ರಿ ಅಮ್ಮನ ಬಳೆ ಆ ಮರಕ್ಕೆ ತಾಗುವ ಸದ್ದು ಕೇಳಿಸುತ್ತದೆ. ನಾನು ಏಳುವುದಿಲ್ಲ.

ಇನ್ನು ಆ ರಾತ್ರಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ತಾರಸಿಯ ಮೇಲಿನ ಬಿಲ್ಲೆಗಳನ್ನೂ ಸಡಿಲವಾದ ಸುರ್ಕಿಯನ್ನೂ (ಸುಣ್ಣ, ಇಟ್ಟಿಗೆಪುಡಿಯ ಗಾರೆ) ಕೀಳಿಸಿದ ಮೂರನೆಯ ದಿನ, ಆಲಿಕಲ್ಲಿನ ಜೊತೆಗೆ, ಅದು ಬಂತು. ಹತ್ತೂವರೆಗೆ ಫೋನ್ ಮಾಡಿದೆ. ಹನ್ನೊಂದು ದಾಟುವಷ್ಟರಲ್ಲಿ ಸ್ಕೂಟರಿನ ಮೇಲೆ ಎರಡು ಟಾರ್ಪಾಲಿನ್ ಹೇರಿಕೊಂಡು, ಅಡಿಯಿಂದ ಮುಡಿಯವರೆಗೆ ನೆನೆದು ಬಂದರು. ಇಬ್ಬರೂ ಮೇಲೆ ಹತ್ತಿ, ಹಾರುವ ಟಾರ್ಪಾಲಿನ್ನಿನ ಅಂಚಿಗೆ ಇಟ್ಟಿಗೆ ಹೇರಿದೆವು. ಕೆಳಗೆ ಹಜಾರದಲ್ಲಿ ಹನ್ನೆರಡು ಕಡೆ ಸೋರುತ್ತಿತ್ತು. ಅಪ್ಪನ ಪುಸ್ತಕದ ಬೀರು ಸರಿಸಲು ಹೋದರೆ ಅದರ ಹಿಂಬದಿ ಆಗಲೇ ಉಬ್ಬಿತ್ತು.

ಅದೇ ಹೊತ್ತಿಗೆ ಅಮ್ಮನ ಫೋನ್. ನಿದ್ದೆ ಬರುತ್ತಿಲ್ಲ, ಅಲ್ಲಿ ಮಳೆಯಂತೆ, ಮನೆ ಹೇಗಿದೆ ಎಂದಳು. ಚೆನ್ನಾಗಿದೆ ಎಂದೆ. ಫೋನ್ ಇಟ್ಟು ಸಿಮೆಂಟ್ ಚೀಲದ ಮೇಲೆ ಕೂತು ಅತ್ತೆ. ಅವಳು ಬಿದ್ದ ದಿನ ಅಳಲಿಲ್ಲ, ಆಸ್ಪತ್ರೆಯಲ್ಲಿ ಅಳಲಿಲ್ಲ. ಈ ಮನೆಗೆ ಅವಳು ಮರಳುವುದೇ ಇಲ್ಲ, ನಾನು ಒಡೆದು ಹಾಳುಮಾಡಿದ್ದೇ ಬಂತು ಎನ್ನಿಸಿತ್ತು. ಅವರು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಬಕೆಟ್ ತುಂಬಿತು, ಬದಲಿಸಿ" ಎಂದರು. ಬದಲಿಸಿದೆ. ನಾಲ್ಕು ಗಂಟೆಯವರೆಗೂ ಬದಲಿಸುತ್ತಲೇ ಇದ್ದೆವು.

ಬೆಳಗಿನ ಜಾವ ಮಳೆ ನಿಂತಾಗ, ಒದ್ದೆ ಕೂದಲು ಹಿಂಡಿಕೊಳ್ಳುತ್ತ ಅವರೇ ಹೇಳಿದರು: "ತಪ್ಪು ನನ್ನದು. ಮೋಡ ನೋಡಿಯೂ ಕೀಳಿಸಲು ಒಪ್ಪಿದೆ. ಬೀರುವಿನ ರಿಪೇರಿ ನನ್ನ ಲೆಕ್ಕಕ್ಕೆ." ಮನೆ ಕೆಲಸಕ್ಕೆ ಬಂದವರ ಬಾಯಲ್ಲಿ ಆ ಐದಕ್ಷರ, ತಪ್ಪು ನನ್ನದು ಎಂಬುದರ ಮೊದಲ ಎರಡನ್ನಾದರೂ, ನೀವು ಕೇಳಿದ್ದೀರಾ? ಬೀರು ಸರಿಯಾಗಿ ಬಂತು; ಬಿಲ್ಲು ಬರಲಿಲ್ಲ.

ಎಲ್ಲದಕ್ಕೂ ನಾನು ತಲೆದೂಗಿದೆನೆಂದಲ್ಲ. ಅಡುಗೆಮನೆಯ ಆ ಹಸಿರು ನನಗೆ ಇಂದಿಗೂ ಹಿಡಿಸಿಲ್ಲ. ಅಮ್ಮನಿಗೆ ಹಿಡಿಸಿದೆ, ಹಾಗಾಗಿ ನನ್ನ ಮತಕ್ಕೆ ಬೆಲೆಯಿಲ್ಲ.

ಶುಲ್ಕದ ಕೊನೆಯ ಕಂತು ನಿನ್ನೆ ಕಳಿಸಿದೆ. ಆ ರಾತ್ರಿ ಅವರು ಮರೆತುಹೋದ ಸ್ಟೀಲ್ ಟೇಪು ಮಾತ್ರ ನಮ್ಮ ಕಿಟಕಿಯ ಮೇಲೇ ಇದೆ, ತುದಿ ಸ್ವಲ್ಪ ತುಕ್ಕು ಹಿಡಿದಿದೆ. ಮೂರು ಸಲ ಕೇಳಿದ್ದಾರೆ. ಬರುವ ಭಾನುವಾರ ಅಮ್ಮ ಹೋಳಿಗೆ ಮಾಡಿಸುತ್ತಾಳೆ. ಊಟಕ್ಕೆ ಬಂದರೆ ಟೇಪು ಕೈಗೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.