ಅಪ್ಪನಿಗೆ, ‘ಕೌಬಾಯ್ ಬೀಬಾಪ್’ ಕುರಿತು

ಆಕ್ಲೆಂಡ್, ನ್ಯೂಜಿಲೆಂಡ್
12 ಅಕ್ಟೋಬರ್ 2023

ತೀರ್ಥರೂಪರಾದ ಅಪ್ಪನವರಿಗೆ ಮಗಳು ಶೈಲಜಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿಸುವುದು.

ಅಣ್ಣನ ಮಗ ನಿಮಗೆ ‘ಕೌಬಾಯ್ ಬೀಬಾಪ್’ ಎಂಬ ಜಪಾನಿ ಅನಿಮೆಯ, ಅಂದರೆ ಬರೆದ ಚಿತ್ರಗಳ ಸರಣಿಯ, ಮೊದಲ ಕಂತನ್ನು ತೋರಿಸಿದನೆಂದೂ, ಮರುದಿನ ಅದನ್ನೇ ನಿಜವಾದ ನಟರನ್ನಿಟ್ಟು ತೆಗೆದ ನೆಟ್‌ಫ್ಲಿಕ್ಸ್ ಸರಣಿಯನ್ನು ಹಾಕಿದಾಗ ನೀವು ಅರ್ಧಕ್ಕೇ ಎದ್ದು ಜಗಲಿಗೆ ಹೋದಿರೆಂದೂ ಅಮ್ಮ ಹೇಳಿದಳು. ಅದಾದ ಮೇಲೆ ಫೋನಿನಲ್ಲಿ ನೀವು ಕೇಳಿದಿರಿ: ಮೂಲ ಕಣ್ಣೆದುರಿಗೇ ಇದೆ, ದುಡ್ಡಿಗೆ ಕೊರತೆಯಿಲ್ಲ, ಒಳ್ಳೆಯ ನಟರಿದ್ದಾರೆ, ಹಾಗಿದ್ದೂ ಕೆಡುವುದು ಹೇಗೆ? ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಕಾಗದ ಹಿಡಿದು ಕುಳಿತಿದ್ದೇನೆ. ಆ ಸರಣಿಯ ಚಿತ್ರೀಕರಣ ನಡೆದದ್ದು ನಾನಿರುವ ಈ ಆಕ್ಲೆಂಡಿನಲ್ಲೇ ಆದ್ದರಿಂದ, ತಯಾರಾಗುವ ಮೊದಲೇ ಅದರ ಮೇಲೆ ನನಗೊಂದು ಮಮತೆ ಬೆಳೆದುಬಿಟ್ಟಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಓದಬೇಕು.

ಮೂಲದ ಬಗ್ಗೆ ನಿಮಗೆ ಮೊಮ್ಮಗ ಹೇಳಿರಲಿಕ್ಕಿಲ್ಲದ ಕೆಲವು ಸಂಗತಿಗಳನ್ನು ಮೊದಲು ಬರೆಯುತ್ತೇನೆ. 1998ರಲ್ಲಿ ಸನ್‌ರೈಸ್ ಎಂಬ ಸ್ಟುಡಿಯೊ ತಯಾರಿಸಿದ ಇಪ್ಪತ್ತಾರು ಕಂತುಗಳ ಸರಣಿ ಅದು. ನಿರ್ದೇಶಕರು ಶಿನಿಚಿರೊ ವಾತಾನಾಬೆ, ಮುಖ್ಯ ಲೇಖಕಿ ಕೈಕೊ ನೊಬುಮೊಟೊ, ಸಂಗೀತ ಯೊಕೊ ಕಾನ್ನೊ ಅವರದು. ಆಟಿಕೆ ಮಾರುವ ಬಂಡಾಯ್ ಕಂಪನಿ ಮೊದಲು ಹಣ ಹಾಕಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕತೆಯಲ್ಲಿ ಬಾಹ್ಯಾಕಾಶ ನೌಕೆಗಳು ಇರಬೇಕು, ಉಳಿದದ್ದು ನಿಮ್ಮಿಷ್ಟ. ವಾತಾನಾಬೆ ಆ ‘ನಿಮ್ಮಿಷ್ಟ’ವನ್ನು ಅಕ್ಷರಶಃ ನಂಬಿ ಮಾಡಿದ ಕೆಲಸವನ್ನು ನೋಡಿದ ಮೇಲೆ ಆಟಿಕೆಯವರು ಹಿಂದೆ ಸರಿದರಂತೆ. ಮಕ್ಕಳು ಆಡಿಕೊಳ್ಳುವ ಆಟಿಕೆ ಅದರಿಂದ ಹುಟ್ಟುವಂತಿರಲಿಲ್ಲ. 2071ನೆಯ ಇಸವಿ, ಗ್ರಹದಿಂದ ಗ್ರಹಕ್ಕೆ ಹಾರಲು ಕಟ್ಟಿದ ದ್ವಾರವೊಂದು ಸಿಡಿದು ಚಂದ್ರ ಒಡೆದಿದೆ, ಭೂಮಿಯ ಮೇಲೆ ಕಲ್ಲಿನ ಮಳೆ, ಜನ ಮಂಗಳಕ್ಕೂ ಗುರುವಿನ ಉಪಗ್ರಹಗಳಿಗೂ ಗುಳೆ ಹೋಗಿದ್ದಾರೆ. ಸರ್ಕಾರ ತಲೆಗೆ ಬೆಲೆ ಕಟ್ಟಿದ ಅಪರಾಧಿಗಳನ್ನು ಹಿಡಿದುಕೊಟ್ಟು ಹೊಟ್ಟೆ ಹೊರೆಯುವ ಸ್ಪೈಕ್, ಜೆಟ್, ಫೇ ಎಂಬ ಮೂವರು, ಎಡ್ ಎಂಬ ತಿಕ್ಕಲು ಹುಡುಗಿ, ಒಂದು ನಾಯಿ. ಇವರೆಲ್ಲ ಇರುವುದು ಜೆಟ್‌ನ ‘ಬೀಬಾಪ್’ ಎಂಬ ಬಾಹ್ಯಾಕಾಶ ಹಡಗಿನಲ್ಲಿ. ಎಷ್ಟೇ ಸಾಹಸ ಮಾಡಿದರೂ ಇವರ ಕೈಗೆ ದುಡ್ಡು ಹತ್ತುವುದಿಲ್ಲ.

ಮೊದಲ ಕಂತಿನಲ್ಲಿ ಜೆಟ್ ಬಾಣಲೆಯಲ್ಲಿ ಹುರಿದು ಬಡಿಸುವ ದೊಣ್ಣೆಮೆಣಸಿನಕಾಯಿ ನಿಮಗೆ ನೆನಪಿರಬಹುದು. ಅದಕ್ಕೆ ಮಾಂಸದ ಅಡುಗೆಯೆಂದು ಹೆಸರು, ಆದರೆ ತಟ್ಟೆಯಲ್ಲಿ ಮಾಂಸದ ಚೂರೂ ಇಲ್ಲ. ಇದನ್ನು ಹಾಗೆ ಕರೆಯುವುದುಂಟೆ ಎಂದು ಸ್ಪೈಕ್ ಆಕ್ಷೇಪಿಸಿದರೆ, ಕೈಯಲ್ಲಿ ಕಾಸಿಲ್ಲದಾಗ ಕರೆಯುವುದುಂಟು ಎನ್ನುತ್ತಾನೆ ಜೆಟ್. ಕಂತಿನ ಕೊನೆಯಲ್ಲಿ, ಬೆನ್ನಟ್ಟಿದ ಅಪರಾಧಿಯೂ ಅವನ ಜೊತೆಗಿದ್ದ ಹೆಂಗಸೂ ಸತ್ತು, ಬಹುಮಾನವೂ ಕೈತಪ್ಪಿ ಹೋದ ಮೇಲೆ ಮತ್ತದೇ ಅಡುಗೆ ಬರುತ್ತದೆ. ಆ ಸಾವನ್ನು ಕಣ್ಣಾರೆ ಕಂಡು ಬಂದವನ ಮನಸ್ಸಿನಲ್ಲಿ ಏನಾಯಿತೆಂದು ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಇದೇ ಕಂತಿನ ಆರಂಭದಲ್ಲಿ, ಶೀರ್ಷಿಕೆಗೂ ಮುನ್ನ, ಬಣ್ಣ ಕಳೆದುಕೊಂಡ ಕೆಲವು ಚಿತ್ರಗಳು ಬರುತ್ತವೆ: ಮಳೆಯಲ್ಲಿ ಹೂಗುಚ್ಛ ಹಿಡಿದು ಕಾಯುತ್ತಿರುವ ಸ್ಪೈಕ್, ಗುಂಡಿನ ಕಾಳಗ, ನೀರಿನಲ್ಲಿ ಬಿದ್ದ ಗುಲಾಬಿ. ಮಾತಿಲ್ಲ, ಆಟಿಕೆಯ ಸಂಗೀತಪೆಟ್ಟಿಗೆಯ ದನಿಯಷ್ಟೆ. ಅವನು ಯಾರಿಗಾಗಿ ಕಾದಿದ್ದ, ಅವಳೇಕೆ ಬರಲಿಲ್ಲ ಎಂಬುದನ್ನು ತಿಳಿಯಲು ನೋಡುಗ ಕೊನೆಯ ಕಂತುಗಳವರೆಗೆ ಕಾಯಬೇಕು. ಕಾದ ಮೇಲೂ ಸಿಗುವುದು ಚೂರುಗಳೇ. ಅವನ ಹಳೆಯ ಗೆಳೆಯನೂ ಈಗಿನ ಶತ್ರುವೂ ಆದ ವಿಷಿಯಸ್ ಇಪ್ಪತ್ತಾರರಲ್ಲಿ ಬೆರಳೆಣಿಕೆಯ ಕಂತುಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಜೂಲಿಯಾ ಎಂಬ ಆ ಹೆಂಗಸಂತೂ ಬಹುಪಾಲು ಒಂದು ಹೆಸರು ಮಾತ್ರ.

ಈಗ ಇಲ್ಲಿಯ ಕತೆ. ಇದನ್ನು ಇಂಗ್ಲಿಷಿನಲ್ಲಿ ಚಲನಚಿತ್ರ ಮಾಡುವ ಯೋಚನೆ ಹಾಲಿವುಡ್‌ನಲ್ಲಿ ಹಿಂದೆಯೇ ಇತ್ತು. ಕಿಯಾನು ರೀವ್ಸ್ ಸ್ಪೈಕ್ ಆಗುವ ಮಾತು 2009ರ ಸುಮಾರಿಗೆ ಬಂದು, ಖರ್ಚಿನ ಅಂದಾಜಿನಲ್ಲೇ ಮುಗಿದುಹೋಯಿತು. 2018ರಲ್ಲಿ ನೆಟ್‌ಫ್ಲಿಕ್ಸ್ ಹತ್ತು ಕಂತುಗಳ ಸರಣಿಯನ್ನು ಘೋಷಿಸಿತು. ಜಾನ್ ಚೋ ಸ್ಪೈಕ್, ಮುಸ್ತಾಫಾ ಶಾಕಿರ್ ಜೆಟ್, ಡ್ಯಾನಿಯೆಲಾ ಪಿನೇಡಾ ಫೇ. 2019ರ ಅಕ್ಟೋಬರಿನಲ್ಲಿ ಇಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಜಾನ್ ಚೋ ಮೊಣಕಾಲಿಗೆ ಪೆಟ್ಟಾಗಿ ಕೆಲಸ ನಿಂತಿತು. ಅದು ಗುಣವಾಗುವಷ್ಟರಲ್ಲಿ ಕೊರೊನಾ ಬಂದು ಗಡಿಯೇ ಮುಚ್ಚಿತು. ಕೆಲವು ಚಿತ್ರತಂಡಗಳಿಗೆ ಸರ್ಕಾರ ವಿಶೇಷ ಅನುಮತಿ ಕೊಟ್ಟಾಗ ಇವರೂ ಅದರಲ್ಲಿ ಸೇರಿ, 2020ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಕ್ಯಾಮೆರಾ ತಿರುಗಿತು. ಊರಿಗೆ ಹೋಗಿ ಬರಲಾಗದೆ ಕುಳಿತಿದ್ದ ನಮ್ಮಂಥವರಿಗೆ ಆ ವಿನಾಯಿತಿಯ ಸುದ್ದಿ ರುಚಿಸಲಿಲ್ಲ, ಆ ಮಾತು ಬೇರೆ. 2021ರ ನವೆಂಬರ್ 19ಕ್ಕೆ ಸರಣಿ ಬಿಡುಗಡೆಯಾಯಿತು. ಡಿಸೆಂಬರ್ 9ಕ್ಕೆ, ಅಂದರೆ ಮೂರು ವಾರವೂ ತುಂಬುವ ಮೊದಲು, ಮುಂದಿನ ಭಾಗ ಇಲ್ಲವೆಂಬ ಘೋಷಣೆಯೂ ಹೊರಬಿತ್ತು. ಮೂಲದ ಲೇಖಕಿ ನೊಬುಮೊಟೊ ತೀರಿಕೊಂಡದ್ದೂ ಅದೇ ತಿಂಗಳು.

ಆಗ ಜನ ಹಿಡಿದು ಬಯ್ದ ಕಾರಣಗಳಲ್ಲಿ ಹಲವು ನನಗೆ ಒಪ್ಪಿಗೆಯಿಲ್ಲ. ಮೂಲದ ಸ್ಪೈಕ್‌ಗೆ ಇಪ್ಪತ್ತೇಳು ವರ್ಷ, ನಟನಿಗೆ ನಲವತ್ತು ದಾಟಿದೆ ಎಂದರು. ಬದುಕಿನಲ್ಲಿ ಬೇಸತ್ತ ಮನುಷ್ಯನ ಪಾತ್ರಕ್ಕೆ ವಯಸ್ಸು ಕೊರತೆಯಲ್ಲ, ಅನುಕೂಲ. ಫೇಯ ಉಡುಪು ಚಿತ್ರದಲ್ಲಿದ್ದಂತೆ ಇಲ್ಲ ಎಂದು ಕೂಗಿದವರು, ಅಂಥ ಉಡುಪು ತೊಟ್ಟು ಯಾವ ಹೆಂಗಸೂ ಹೊಡೆದಾಟದ ದೃಶ್ಯ ಮಾಡಲಾರಳು ಎಂಬುದನ್ನು ಯೋಚಿಸಿದಂತಿಲ್ಲ. ಒಳ್ಳೆಯದೂ ಬಹಳ ಇತ್ತು. ಕಾನ್ನೊ ಅವರೇ ಮತ್ತೆ ಸಂಗೀತ ಕೊಟ್ಟರು. ಕಹಳೆ, ಡ್ರಮ್ಮುಗಳ ಆ ಆರಂಭದ ಶೀರ್ಷಿಕೆಯನ್ನು ನಟರನ್ನಿಟ್ಟು ಹೆಚ್ಚುಕಡಿಮೆ ಗೆರೆ ಗೆರೆಗೂ ಹೊಂದುವಂತೆ ಮತ್ತೆ ತೆಗೆದಿದ್ದಾರೆ. ಶಾಕಿರ್ ಅವರ ಜೆಟ್, ನನ್ನ ಮಟ್ಟಿಗೆ, ಮೂಲದ ಪಕ್ಕದಲ್ಲಿ ಸಂಕೋಚವಿಲ್ಲದೆ ನಿಲ್ಲಬಲ್ಲ ಪಾತ್ರ. ಆ ಗಂಟಲು, ಆ ಗೊಣಗಾಟ, ಸ್ಪೈಕ್ ಜೊತೆಗಿನ ಜಗಳ, ಎಲ್ಲದರಲ್ಲೂ ಹಡಗಿನ ಯಜಮಾನನ ಸುಸ್ತು ಕಾಣುತ್ತದೆ.

ಕೆಟ್ಟದ್ದು ಬೇರೆ ಕಡೆ. ಮೂಲದ ಸರಣಿ ಒಟ್ಟು ಹತ್ತು ಗಂಟೆಗೂ ಸ್ವಲ್ಪ ಹೆಚ್ಚು; ಇವರ ಹತ್ತು ಕಂತುಗಳು ಸೇರಿ ಎಂಟು ಗಂಟೆಯೂ ಇಲ್ಲ. ಕೈಯಲ್ಲಿದ್ದ ಕಾಲ ಕಡಿಮೆಯಾದರೂ, ಮೂಲ ಎಲ್ಲಿ ಮೌನವಾಗಿತ್ತೋ ಅಲ್ಲೇ ಇವರು ಹೆಚ್ಚು ಕಾಲ ಕಳೆದರು. ಕಂತು ಕಂತಿಗೂ ನಾಯಕರ ಕತೆಯನ್ನು ನಿಲ್ಲಿಸಿ ವಿಷಿಯಸ್‌ನ ಮನೆಗೆ ಹೋಗುತ್ತೇವೆ. ಅಲ್ಲಿ ಜೂಲಿಯಾ ಅವನ ಹೆಂಡತಿ. ಅವನ ಸಿಟ್ಟು, ಅವನ ತಂದೆಯ ಮೇಲಿನ ದ್ವೇಷ, ಪಾತಕಿಗಳ ಕೂಟದಲ್ಲಿ ಅಧಿಕಾರಕ್ಕೆ ಅವನು ನಡೆಸುವ ಸಂಚು, ಅವಳ ಭಯ, ಎಲ್ಲವನ್ನೂ ಸಂಭಾಷಣೆಯಲ್ಲಿ ಕೇಳಿಸಿಕೊಳ್ಳುತ್ತೇವೆ. ಒಂಬತ್ತನೆಯ ಕಂತಂತೂ ಇಡಿಯಾಗಿ ಹಿಂದಿನ ಕತೆ: ಸ್ಪೈಕ್‌ಗೆ ಆಗ ಯಾವ ಹೆಸರಿತ್ತು, ಮೂವರೂ ಹೇಗೆ ಸಂಧಿಸಿದರು, ಯಾರ ಮನಸ್ಸು ಯಾವಾಗ ಯಾರ ಕಡೆ ತಿರುಗಿತು ಎಂಬುದೆಲ್ಲವೂ ಕ್ರಮವಾಗಿ. ನೀರಿನಲ್ಲಿ ಬಿದ್ದ ಒಂದು ಗುಲಾಬಿಗೆ ಮುಕ್ಕಾಲು ಗಂಟೆಯ ಭಾಷ್ಯ ಬರೆದಂತಾಯಿತು. ಕೊನೆಯ ಕಂತಿನಲ್ಲಿ ಜೂಲಿಯಾಳೇ ಸ್ಪೈಕ್‌ಗೆ ಗುಂಡು ಹಾರಿಸಿ, ಅವನು ಚರ್ಚಿನ ಕಿಟಕಿಯಿಂದ ಕೆಳಗೆ ಬೀಳುತ್ತಾನೆ. ಮೂಲದ ಐದನೆಯ ಕಂತಿನಲ್ಲೂ ಅವನು ಹಾಗೆಯೇ ಚರ್ಚಿನ ಕಿಟಕಿಯಿಂದ ಬೀಳುವ ದೃಶ್ಯವಿದೆ. ಅಲ್ಲಿ ಗಾಜು ಒಡೆದು, ಮೇಳಗಾನ ಶುರುವಾಗಿ, ಬೀಳುತ್ತಿರುವವನ ನೆನಪುಗಳು ಒಂದೊಂದಾಗಿ ಹಾದುಹೋಗುತ್ತವೆ, ಅವು ಏನೆಂದು ಹೇಳುವವರಿಲ್ಲ. ಒಂದೇ ಬೀಳುವಿಕೆ, ಮೂಲದಲ್ಲಿ ನಾವು ಅವನ ಒಳಗಿದ್ದೇವೆ, ಇವರದರಲ್ಲಿ ಮುಂದಿನ ಭಾಗಕ್ಕೆ ಕೊಂಡಿ ಹಾಕುತ್ತಿದ್ದಾರೆಂದು ತಿಳಿದು ಕುಳಿತಿದ್ದೇವೆ.

ನಮ್ಮೂರ ತಂಡಕ್ಕೆ ನೀವು ಕತೆಗಳನ್ನು ನಾಟಕವಾಗಿಸುತ್ತಿದ್ದಾಗ, ಕತೆಗಾರ ವಿವರಿಸಿದ ಸಾಲುಗಳಿಗೆ ಮೊದಲು ಪೆನ್ಸಿಲಿನಿಂದ ಗೆರೆ ಎಳೆದು, ಇದನ್ನು ನಟ ಮಾಡಿ ತೋರಿಸಲಿ ಎಂದು ಅಂಚಿನಲ್ಲಿ ಬರೆಯುತ್ತಿದ್ದಿರಿ. ಇವರು ಅದರ ತಿರುವುಮುರುವು ದಾರಿ ಹಿಡಿದರು. ಇದಕ್ಕೆ ದಡ್ಡತನವೇ ಕಾರಣವೆಂದು ನಾನು ಹೇಳುವುದಿಲ್ಲ. ಬರೆದ ಚಿತ್ರದಲ್ಲಿ ಮನುಷ್ಯ ಸುಮ್ಮನೆ ಕುಳಿತು ಸಿಗರೇಟು ಸೇದುವುದು ಅಗ್ಗದ ಕೆಲಸ. ಒಂದೇ ಚಿತ್ರವನ್ನು ಹಿಡಿದಿಟ್ಟು ಹೊಗೆಯನ್ನಷ್ಟೇ ಅಲುಗಿಸಿದರೂ ಸಾಕು, ಕಣ್ಣಿನ ಮೇಲಿನ ಎರಡು ಗೆರೆಗಳಲ್ಲಿ ನಮಗೆ ಬೇಕಾದ ದುಃಖವನ್ನು ನಾವೇ ತುಂಬಿಕೊಳ್ಳುತ್ತೇವೆ. ಕ್ಯಾಮೆರಾದ ಮುಂದೆ ನಿಜವಾದ ಮುಖ ಸುಮ್ಮನಿದ್ದರೆ ಅದರಲ್ಲಿ ಚರ್ಮ, ಬೆವರು, ರೆಪ್ಪೆ ಬಡಿಯುವುದು ಎಲ್ಲವೂ ಇರುತ್ತದೆ. ಆ ಮೌನವನ್ನು ನಂಬಲು ನಿರ್ದೇಶಕನಿಗೆ ಧೈರ್ಯ ಬೇಕು. ಧೈರ್ಯ ಸಾಲದಿದ್ದಾಗ ಮಾತು ಬರುತ್ತದೆ, ಬಣ್ಣದ ದೀಪ ಬರುತ್ತದೆ, ಕ್ಯಾಮೆರಾವನ್ನು ಓರೆಯಾಗಿ ಹಿಡಿಯುವ ಚಟ ಬರುತ್ತದೆ. ಈ ಸರಣಿಯಲ್ಲಿ ಆ ಓರೆ ಕೋನ ಎಷ್ಟೆಂದರೆ, ನೋಡುತ್ತಾ ನೋಡುತ್ತಾ ನಾನೇ ಕುತ್ತಿಗೆ ವಾರೆ ಮಾಡಿಕೊಂಡಿದ್ದೆ. ಇನ್ನೊಂದು ಕಾರಣ ವ್ಯಾಪಾರದ್ದು. ಮೂಲದ ಕಂತುಗಳು ತಮ್ಮ ಪಾಡಿಗೆ ತಾವು ಮುಗಿಯುತ್ತವೆ. ಒಂದು ಭಯದ್ದು, ಒಂದು ನಗೆಯದು, ಒಂದು ದುಃಖದ್ದು. ಒಂದೇ ದಿನ ಎಲ್ಲ ಕಂತುಗಳನ್ನೂ ಮುಂದಿಡುವ ವ್ಯವಸ್ಥೆಗೆ, ನೋಡುಗ ಮುಂದಿನ ಕಂತಿನ ಗುಂಡಿ ಒತ್ತುವಂತೆ ಮಾಡುವ ಉದ್ದನೆಯ ಎಳೆಯೊಂದು ಬೇಕಾಗುತ್ತದೆ. ವಿಷಿಯಸ್‌ನನ್ನು ಅಷ್ಟು ಹಿಗ್ಗಿಸಿದ್ದು ಆ ಎಳೆಗಾಗಿ ಎಂದು ನನ್ನ ಊಹೆ.

ವಾತಾನಾಬೆ ಅವರ ಹೆಸರು ಈ ಸರಣಿಗೆ ಸಲಹೆಗಾರರೆಂದು ಇತ್ತು. ಈ ವರ್ಷ ಒಂದು ಸಂದರ್ಶನದಲ್ಲಿ ಅವರು, ಅಭಿಪ್ರಾಯ ಕೇಳಲು ಕಳುಹಿಸಿದ ಭಾಗದ ಮೊದಲ ದೃಶ್ಯವೇ ಜೂಜುಕಟ್ಟೆಯದಾಗಿದ್ದು, ಅದನ್ನು ನೋಡುವುದೇ ಕಷ್ಟವಾಗಿ ಅಲ್ಲಿಗೇ ನಿಲ್ಲಿಸಿದೆ ಎಂದಿದ್ದಾರೆ. ನೀವು ಎದ್ದು ಹೋದದ್ದೂ ಹೆಚ್ಚುಕಡಿಮೆ ಅಲ್ಲಿಯೇ ಎಂದು ಅಮ್ಮ ಹೇಳಿದ ಲೆಕ್ಕದಿಂದ ತೋರುತ್ತದೆ!

ಹಾಗಾದರೆ ಮೂಲದವರ ಕೈಗೇ ಅಧಿಕಾರ ಕೊಟ್ಟರೆ ಸರಿಹೋಗುತ್ತದೆ ಎಂದು ನೀವು ಹೇಳಬಹುದು. ಈಗ ಎಲ್ಲರೂ ಹೇಳುತ್ತಿರುವುದೂ ಅದನ್ನೇ, ಏಕೆಂದರೆ ಈ ಬೀಬಾಪ್ ಸರಣಿಯನ್ನು ತಯಾರಿಸಿದ ಟುಮಾರೊ ಸ್ಟುಡಿಯೋಸ್ ಸಂಸ್ಥೆಯೇ ನೆಟ್‌ಫ್ಲಿಕ್ಸ್‌ಗಾಗಿ ಮಾಡಿದ ‘ಒನ್ ಪೀಸ್’ ಕಳೆದ ಆಗಸ್ಟ್ 31ಕ್ಕೆ ಬಂದು, ಜನ ಮೆಚ್ಚಿ, ಎರಡನೆಯ ಭಾಗವೂ ಘೋಷಣೆಯಾಗಿದೆ. ಅದರ ಮೂಲವಾದ ಮಾಂಗಾವನ್ನು, ಅಂದರೆ ಜಪಾನಿ ಕಾಮಿಕ್ಸನ್ನು, ಬರೆದ ಎಯಿಚಿರೊ ಓಡಾ ನಿರ್ಮಾಪಕರಲ್ಲಿ ಒಬ್ಬರು. ತಮಗೆ ತೃಪ್ತಿಯಾಗುವವರೆಗೆ ಬಿಡುಗಡೆ ಮಾಡುವುದಿಲ್ಲವೆಂಬ ಮಾತು ತಮಗೆ ಸಿಕ್ಕಿದೆಯೆಂದು ಅವರೇ ಮೊದಲು ಬರೆದಿದ್ದರು. ಅವರ ಹಿಡಿತ ಕೆಲಸ ಮಾಡಿದ್ದು ನಿಜ. ಆದರೆ ಅದೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ‘ಒನ್ ಪೀಸ್’ ಕಡಲ್ಗಳ್ಳರ ಕತೆ. ಅದರಲ್ಲಿ ಪ್ರತಿಯೊಬ್ಬನೂ ತನ್ನ ಕನಸನ್ನು ಗಂಟಲು ಹರಿಯುವಂತೆ ಕೂಗಿ ಹೇಳುತ್ತಾನೆ, ಹಿಂದಿನ ಕತೆಯನ್ನು ಮನಬಿಚ್ಚಿ ಬಿಡಿಸಿಡುವುದೇ ಅದರ ಕ್ರಮ. ಸಂಭಾಷಣೆಯಲ್ಲಿ ವಿವರಿಸುವ ಅಮೆರಿಕದ ಟೀವಿಯ ಅಭ್ಯಾಸ ಅದಕ್ಕೆ ಒಗ್ಗಿತು. ಬೀಬಾಪ್‌ನ ಜನ ತಮ್ಮ ಹಿಂದಿನದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಒಲ್ಲದವರು. ಒಂದೇ ಹಡಗಿನಲ್ಲಿದ್ದೂ ಪರಸ್ಪರ ಕೇಳದಿರುವುದೇ ಅವರ ಸ್ನೇಹ. ಅವರ ಬಾಯಿ ಬಿಡಿಸಿದರೆ ಹೆಸರು, ಬಟ್ಟೆ, ಹಡಗು ಎಲ್ಲ ಉಳಿದರೂ ಮನುಷ್ಯರು ಬದಲಾಗುತ್ತಾರೆ. ವಾತಾನಾಬೆ ಅವರೇ ಪಕ್ಕದಲ್ಲಿ ಕುಳಿತಿದ್ದರೂ, ಒಂಬತ್ತನೆಯ ಕಂತಿನಂಥದ್ದು ಬೇಕೇ ಬೇಕೆಂದು ಹಟ ಹಿಡಿದವರ ಮುಂದೆ ಅವರು ಏನು ಮಾಡಬಹುದಿತ್ತೋ ಕಾಣೆ.

ನಾನು ಹೇಳಿದ್ದು ಸರಿಯೋ ತಪ್ಪೋ ನೀವೇ ನೋಡಿ ತೀರ್ಮಾನಿಸಿ. ಮೊಮ್ಮಗನಿಗೆ ಹೇಳಿ ಮೂಲದ ಐದನೆಯ ಮತ್ತು ಹದಿನೆಂಟನೆಯ ಕಂತುಗಳನ್ನು ಹಾಕಿಸಿಕೊಳ್ಳಿ. ಹದಿನೆಂಟನೆಯದರಲ್ಲಿ, ಐವತ್ತನಾಲ್ಕು ವರ್ಷ ಶೀತಲ ನಿದ್ರೆಯಲ್ಲಿದ್ದು ನೆನಪು ಕಳೆದುಕೊಂಡು ಎದ್ದ ಫೇಗೆ ಒಂದು ಬೀಟಾಮ್ಯಾಕ್ಸ್ ಟೇಪು ಪಾರ್ಸೆಲ್ ಬರುತ್ತದೆ. ಅದನ್ನು ಹಾಕಿ ನೋಡಲು ಸ್ಪೈಕ್, ಜೆಟ್ ಇಬ್ಬರೂ ಹಾಳುಬಿದ್ದ ಭೂಮಿಗೆ ಹೋಗಿ, ಪಾತಾಳಕ್ಕೆ ಇಳಿದು, ಜೀವ ತೇಯ್ದು ಹೊತ್ತು ತರುವುದು ಆ ಟೇಪು ಓಡದ ಬೇರೆ ಬಗೆಯ ವಿಎಚ್‌ಎಸ್ ಯಂತ್ರವನ್ನು. ಪೇಟೆಯ ಅಂಗಡಿಯಿಂದ ಬಾಡಿಗೆಗೆ ವಿಸಿಪಿ ತಂದ ಕಾಲದವರಾದ ನಿಮಗೆ ಆ ಪೇಚು ಮೊಮ್ಮಗನಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಕಡೆಗೂ ಟೇಪು ಓಡಿದಾಗ ಅದರಲ್ಲಿರುವ ಶಾಲೆಯ ಹುಡುಗಿ ಮುಂದೆ ದೊಡ್ಡವಳಾಗುವ ತನಗೇ ಹುರುಪು ತುಂಬಿ ಕುಣಿಯುತ್ತಾಳೆ. ನೋಡುತ್ತ ಕುಳಿತ ಫೇ ನನಗೇನೂ ನೆನಪಿಲ್ಲ ಎನ್ನುತ್ತಾಳೆ, ಕಂತು ಮುಗಿಯುತ್ತದೆ. ಇದನ್ನು ನಮ್ಮ ತಂಡಕ್ಕೆ ನಾಟಕ ಮಾಡುವುದಾದರೆ ಟೇಪಿನ ಹುಡುಗಿಯನ್ನು ರಂಗದ ಮೇಲೆ ತರುತ್ತೀರೋ, ದನಿ ಮಾತ್ರ ಕೇಳಿಸುತ್ತೀರೋ ಎಂದು ನನಗೆ ತಿಳಿಯಬೇಕಾಗಿದೆ. ಉತ್ತರವನ್ನು ಫೋನಿನಲ್ಲಿ ಹೇಳದೆ ಬರೆದೇ ಕಳುಹಿಸಿ.

ಅಮ್ಮನಿಗೆ ನಮಸ್ಕಾರ, ಅಣ್ಣ ಅತ್ತಿಗೆಯರಿಗೆ ನೆನಪುಗಳು, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು,
ಶೈಲಜಾ